ಗೋಡೆ ಸರಿದಿರಲಿಲ್ಲ, ಹುಸೇನಸಾಬರೇ

ಹುಸೇನಸಾಬರೇ, ಆ ಗೋಡೆ ಕೂದಲೆಳೆಯಷ್ಟೂ ಸರಿದಿರಲಿಲ್ಲ. ಗಾಜು ಒಡೆದವನು ನಾನು — ನಿಮ್ಮದೇ ಅಂಗಡಿಯ, ನಟ್ಟು ಬಿಚ್ಚುವ ಪಾನಾ ತೆಗೆದುಕೊಂಡು.

ಕ್ಷಮೆ ಕೇಳಲು ಬರೆಯುತ್ತಿಲ್ಲ. ನಿಮ್ಮನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಆರು ವರ್ಷವಾದರೂ ಆಗುವುದಿಲ್ಲ.

ಅಗರಖೇಡದ ಹೊಳೆದಂಡೆಯ ಹಳೇ ಹತ್ತಿ ಗೋದಾಮನ್ನು ಆಫೀಸುಗಳಾಗಿ ಮಾಡಲು ಇಂಡಿಯಿಂದ ಬಂದ ಇಂಜಿನಿಯರ್ ನಾನು. ಉಳಿದ ಬಾಡಿಗೆದಾರರೆಲ್ಲ ಹೋಗಿದ್ದರು. ಮೂಲೆಯಲ್ಲಿ ರೈತರ ಮೋಟರುಗಳಿಗೆ ತಂತಿ ಸುತ್ತುತ್ತಿದ್ದ ನೀವು ಮಾತ್ರ ಜಪ್ಪಯ್ಯ ಅಂದರೂ ಏಳಲಿಲ್ಲ. ನಿಮ್ಮ ಮೂಲೆಯ ಗೋಡೆ ಬಿರುಕು ಬಿಟ್ಟಿದೆ, ಬಿದ್ದೀತು ಎಂದೆ. ಸಾಬೀತು ಮಾಡಿ ಎಂದಿರಿ. ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿ ಅಂಟಿಸಿದೆ; ಗೋಡೆ ಸರಿದರೆ ಅದು ಒಡೆಯುತ್ತದೆ.

ತಿಂಗಳುಗಟ್ಟಲೆ ಒಡೆಯಲಿಲ್ಲ. ನೀವು ದಿನಾ ಅದನ್ನು ಒರೆಸಿ, ಗೌಂಡಿಗಳ ಎದುರು ನನ್ನನ್ನು ಕರೆಯುತ್ತಿದ್ದಿರಿ: "ಬರ್ರಿ ಸಾಹೇಬ್ರ, ನೋಡ್ರಿ. ನಿಮ್ಮ ಗಾಜೂ ಒಡ್ಯಾಂಗಿಲ್ಲ, ನಾನೂ ಏಳಾಂಗಿಲ್ಲ." ಅವರು ಕಿಸಕ್ಕನೆ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿ. ಗೋದಾಮಿನ ಮಾಲೀಕನ ಒತ್ತಡ ಅನ್ನಬಹುದಿತ್ತು — ಇಲ್ಲ, ಆ ನಗೆಗೇ ಮಾಡಿದೆ.

ಒಂದು ಶುಕ್ರವಾರ ನೀವು ನಮಾಜಿಗೆ, ಮಗಳು ಶಬಾನಾ ಊಟಕ್ಕೆ ಹೋದಾಗ — ಒಂದೇ ಏಟು.

ನೀವು ಮರಳುವಷ್ಟರಲ್ಲಿ ಶಬಾನಾ ಅದೇ ಗೋಡೆಗೆ ಒರಗಿ ತಂತಿ ಸುತ್ತುತ್ತಿದ್ದಳು. ಜಗಳಕ್ಕೆ ತಯಾರಾಗಿ ನಿಂತಿದ್ದೆ. ಗಾಜು ನೋಡಿದಿರಿ, ಅವಳನ್ನು ನೋಡಿದಿರಿ. "ಏಳವ್ವಾ, ಅಲ್ಲಿಂದ ಏಳು!" ರಟ್ಟೆ ಹಿಡಿದು ಅವಳನ್ನು ಈಚೆಗೆ ಎಳೆದಿರಿ. ಆಮೇಲೆ ನನ್ನ ಕಡೆ ತಿರುಗಿ, "ನಿಮಗ ಸುಮ್ಮನ ನಗ್ಯಾಡಿದ್ನಿರಿ. ತಪ್ಪಾತು. ಇವತ್ತ ಖಾಲಿ ಮಾಡ್ತೇನಿ" ಎಂದಿರಿ.

ಆಗಲೇ ಹೇಳಬಹುದಿತ್ತು.

ಈಗ ಅಲ್ಲಿ ಎಸಿ, ದೊಡ್ಡ ದೊಡ್ಡ ಕಿಟಕಿ, ಹೊಳೆ ಕಾಣುವ ಮೀಟಿಂಗ್ ರೂಮು. ಆ ಗೋಡೆಗೆ ಬಣ್ಣ ಬಳಿದೆವು, ಅಷ್ಟೇ. ನೀವು ಹೊರ್ತಿಯಲ್ಲಿ ತಗಡಿನ ಶೆಡ್ಡಿನೊಳಗೆ ಬೇಯುತ್ತೀರಿ. ಹೊಳೆದಂಡೆಯ ರೈತರು ಅಷ್ಟು ದೂರ ಮೋಟರು ಹೊತ್ತು ಬರುವುದಿಲ್ಲ. ಆದರೂ ಕಂಡವರಿಗೆಲ್ಲ ಹೇಳುತ್ತೀರಂತೆ — "ನನ್ನ ಮಗಳ ಜೀವಾ ಉಳಿಸಿದಾಂವ ಆ ಇಂಜಿನಿಯರ್." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಥೂ, ಇದನ್ನು ಹೇಗೆ —

ನಿನ್ನೆ ಅವಳ ಮದುವೆಗೆ ಕರೆಯಲು ಮನೆಗೇ ಬಂದಿರಿ. "ಹೆಣ್ಣಿನ ಕಡೆ ಹಿರ್ಯಾರಾಗಿ ನೀವ ನಿಂದರಬೇಕ್ರಿ" ಎಂದಿರಿ. ನಾನು ಹೂಂ ಅಂದೆ. ನಾಚಿಕೆಯಿಲ್ಲದೆ ಹೂಂ ಅಂದೆ!

ನಾಳೆ ನಿಮ್ಮ ಶೆಡ್ಡಿಗೆ ಬರುತ್ತೇನೆ. ಈ ಕಾಗದ ಕೈಗೆ ತುರುಕಿ ಓಡುವುದಿಲ್ಲ. ಶಬಾನಾಳ ಎದುರೇ ನಿಂತು ಓದುತ್ತೇನೆ.