ಜಿನುಗೋದು ಬೇರೆ, ಸೋರೋದು ಬೇರೆ

ಯಾಯ್ಜು ಎಂಬ ಮೀನುಗಾರರ ಊರಿನ ಹೊರಗೆ, ಚಹಾ ತೋಟದ ಮಗ್ಗುಲಲ್ಲಿರುವ ರಿಮೋಟ್ ಕಾರುಗಳ ಓಟದ ಅಂಗಳದಲ್ಲಿ ಭಾನುವಾರ ಬೆಳಗಾಯಿತೆಂದರೆ ಕಿನುಯೊಳ ರಿಪೇರಿ ಮೇಜಿನ ಮುಂದೆ ಜನ ನೆರೆಯುತ್ತಾರೆ. ಕೈಯಲ್ಲಿ ಮೊಳದುದ್ದದ ಕಾರು, ಮುಖದಲ್ಲಿ ಮಗುವಿಗೆ ಭೇದಿ ಹಿಡಿದವರ ಕಳೆ. ಆಕೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಕೇಳುವುದು ಒಂದೇ ಮಾತು: “ಜಿನುಗ್ತಿದ್ಯೋ, ಸೋರ್ತಿದ್ಯೋ?”

ಜಿನುಗುತ್ತಿದ್ದರೆ ಹಾಗೇ ವಾಪಸ್ ಕಳಿಸುತ್ತಾಳೆ. ಕುಲುಕು ತಡೆಯುವ ಶಾಕ್ ಅಬ್ಸಾರ್ಬರಿನ ಕೊಳವೆಯೊಳಗಿನ ಎಣ್ಣೆ, ಅದರಲ್ಲಿ ಮೇಲೆ ಕೆಳಗೆ ಜಾರುವ ಕಡ್ಡಿಗೆ ತೆಳ್ಳಗೆ ಸವರಿಕೊಂಡರೇ ಕಡ್ಡಿ ಹಗುರವಾಗಿ ಆಡುವುದು. ಅದನ್ನೂ ನಿಲ್ಲಿಸಿಬಿಡುತ್ತೇನೆಂದು ಬಿಗಿ ಮಾಡುವ ಜಾಣರ ಕಾರು ತಿರುವಿನಲ್ಲಿ ಕಪ್ಪೆಯಂತೆ ಕುಪ್ಪಳಿಸಿ ಮಗುಚಿಕೊಳ್ಳುತ್ತದೆ. ಸೋರುತ್ತಿದ್ದರೆ ಮಾತ್ರ ಬಿಚ್ಚುತ್ತಾಳೆ. ಕೊಳವೆಯ ಬುಡದಲ್ಲಿ ಎಣ್ಣೆ ತಡೆಯುವ ರಬ್ಬರ್ ರಿಂಗನ್ನು ತೆಗೆದು ಹೆಬ್ಬೆರಳಲ್ಲಿ ಉಜ್ಜಿದರೆ ಸಾಕು, ಎಲ್ಲಿ ಸೀಳಿದೆಯೆಂದು ಗೊತ್ತಾಗುತ್ತದೆ. ಅರ್ಧ ಆಯುಷ್ಯ ರಬ್ಬರ್ ರಿಂಗುಗಳ ಕಾರ್ಖಾನೆಯಲ್ಲಿ ತಪಾಸಣೆ ಮಾಡಿ ಬಂದ ಬೆರಳು ಅದು.

ಇಷ್ಟೆಲ್ಲ ಮಾಡುವವಳು ಒಂದು ಕಾರನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದು ಗಂಡ ಶೋಜಿಯದು.

ಶೋಜಿ ಕುರೆಬಯಾಶಿ ಕ್ಷೌರಿಕ. ಊರಿನ ಮೀನುಗಾರರ ಗಲ್ಲವೆಲ್ಲ ಅವನ ಕತ್ತಿಯ ಕೆಳಗೆ ಹಾದುಹೋದದ್ದೇ, ಒಬ್ಬರಿಗೂ ಗಾಯವಾದದ್ದಿಲ್ಲ. ಹಾಗಾಗಿ ತನ್ನ ಕೈಯ ಮೇಲೆ ಅವನಿಗೆ ವಿಪರೀತ ಅಭಿಮಾನ. ಮದುವೆಯಾದ ಹೊಸತರಲ್ಲಿ ಅವನ ಕಾರಿನ ಶಾಕ್ ಸೋರಿದಾಗ ಕಿನುಯೊ ಬಿಚ್ಚಿ ಹೊಸ ರಿಂಗು ಹಾಕಿದ್ದಳು. ಕಡ್ಡಿಯ ಮೇಲೆ ಇಕ್ಕಳದ ಹಲ್ಲಿನ ಗೀರು ಇತ್ತು. ತುದಿ ಬಿಚ್ಚುವಾಗ ಕಡ್ಡಿಗೆ ಬಟ್ಟೆ ಸುತ್ತದೆ ಇಕ್ಕಳ ಹಾಕುವುದು ಶೋಜಿಯ ಚಾಳಿ. “ಈ ಗೀರು ಹೊಸ ರಿಂಗನ್ನೂ ತಿನ್ನತ್ತೆ, ಕಡ್ಡೀನೇ ಬದಲಾಯ್ಸಿ” ಎಂದು ಹೇಳಿದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಓಟದ ನಡುವೆ ಎಣ್ಣೆ ಸೋರಿ ಸೋತ. ಅಷ್ಟೂ ಜನರೆದುರು, “ಹೆಂಡ್ತಿ ಕೈ ತಾಗಿದ್ರೆ ಇನ್ನೇನಾಗತ್ತೆ!” ಎಂದು ನಕ್ಕ. ಎಲ್ಲರೂ ನಕ್ಕರು.

ಅಂದಿನಿಂದ ಕಿನುಯೊ ಆ ಕಾರನ್ನು ಮುಟ್ಟಲೂ ಇಲ್ಲ, ಅವನು ಕೇಳಲೂ ಇಲ್ಲ. ಒಂದೇ ಮೇಜಿನ ಆ ತುದಿಗೆ ಅವನು, ಈ ತುದಿಗೆ ಅವಳು. ಊರವರ ಶಾಕುಗಳೆಲ್ಲ ರಿಪೇರಿಯಾಗುತ್ತಿದ್ದವು, ಮನೆಯವನದು ಮಾತ್ರ ಸೋರುತ್ತಲೇ ಇತ್ತು. ಆ ನಗು ಅವಳನ್ನು ವರ್ಷಗಟ್ಟಲೆ ನೋಯಿಸಿತು. ಮನೆಯಲ್ಲಿ ಎಷ್ಟು ಚೆನ್ನಾಗಿದ್ದರೂ ನೋಯಿಸಿತು.

ಕಳೆದ ಶರತ್ಕಾಲದಲ್ಲಿ ಹಿರಿಯರ ವಿಭಾಗದ ಪ್ರಾಂತೀಯ ಓಟ. ಫೈನಲಿನಲ್ಲಿ ಮೊದಲೆರಡು ಸ್ಥಾನ ಬಂದವರಿಗೆ ರಾಷ್ಟ್ರೀಯ ಪಂದ್ಯ. ಶೋಜಿ ಅಲ್ಲಿಗೆ ಒಮ್ಮೆಯೂ ಹೋದವನಲ್ಲ, ಕಣ್ಣಿಗೆ ಬೇರೆ ಪೊರೆ ಬರತೊಡಗಿತ್ತು. ಸೆಮಿಫೈನಲ್ ಹೇಗೋ ದಾಟಿದ. ಕಾರನ್ನು ಮೇಜಿನ ಮೇಲಿಟ್ಟು ನೋಡಿದರೆ ಹಿಂದಿನ ಎಡ ಶಾಕಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಬಿಚ್ಚಲು ಕೂರುವಷ್ಟರಲ್ಲಿ ಮೈಕಿನಲ್ಲಿ ಅವನ ಹೆಸರು ಕೂಗಿದರು. ಓಡಿಸಿದವನು ಮುಂದಿನ ಓಟದಲ್ಲಿ ತಿರುವಿಗೆ ನಿಂತು ಮಗುಚಿದ ಕಾರುಗಳನ್ನು ಎತ್ತಿಡಬೇಕೆಂಬುದು ಅಲ್ಲಿಯ ನಿಯಮ. ತನ್ನ ಬದಲು ಇನ್ನೊಬ್ಬರನ್ನು ನಿಲ್ಲಿಸುವಂತಿಲ್ಲ. ಅದು ಮುಗಿದ ಕೂಡಲೇ ಫೈನಲ್. ಶೋಜಿ ಕಾರನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿ, ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟು ಹೋಗಿ ದೂರದ ತಿರುವಿನಲ್ಲಿ ನಿಂತ.

ಪಕ್ಕದ ಮೇಜಿನ ಇಕೆಗಾಯಾ, ಶೋಜಿಯ ಹಳೆಯ ಎದುರಾಳಿ, ಕತ್ತು ಉದ್ದ ಮಾಡಿದ. “ಕಿನುಯೊ-ಸಾನ್, ಕೆರೆ ಕಟ್ತಿದೆ ನೋಡಿ. ರಿಪೇರಿ ಮಾಡ್ಬಾರ್ದಾ?”

“ಕೇಳಿದವರದ್ದು ಮಾಡ್ತೀನಿ” ಎಂದು ಕಿನುಯೊ ಕೈ ಕಟ್ಟಿ ಕುಳಿತಳು. ಬೆರಳುಗಳು ಮಾತ್ರ ಕಂಕುಳಲ್ಲಿ ತುರಿಸುತ್ತಿದ್ದವು.

ತಿರುವಿನಲ್ಲಿ ಶೋಜಿಯ ಕಣ್ಣು ಓಡುವ ಕಾರುಗಳ ಮೇಲೆ ಇರಲಿಲ್ಲ. ಕಾಲಬುಡದಲ್ಲೇ ಒಂದು ಮಗುಚಿ ಬಿದ್ದು, “ಏ ಅಜ್ಜ, ಎತ್ತಪ್ಪಾ!” ಎಂದು ಓಡಿಸುವವರು ನಿಲ್ಲುವ ಅಟ್ಟಣೆಯಿಂದ ಯಾರೋ ಕೂಗಿದರು. ಎತ್ತಿಟ್ಟ. ಆಮೇಲೆ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಅಂಗಳದಾಚೆಯಿಂದ ಕೂಗಿದ: “ಕಿನುಯೊ! ಅದೊಂಚೂರು ನೋಡೇ!”

“ಏನು? ಕೇಳಿಸ್ಲಿಲ್ಲ!”

“ಶಾಕು! ನೀನೇ ಮಾಡು ಅಂದೆ! ದಮ್ಮಯ್ಯ!”

ಮೇಜುಗಳ ಸಾಲೆಲ್ಲ ತಿರುಗಿ ನೋಡಿತು. ಕಿನುಯೊ ಆಗಲೇ ಸ್ಪ್ರಿಂಗ್ ಕಳಚಿದ್ದಳು. ಹಳೆಯ ಎಣ್ಣೆ ಚೆಲ್ಲಿದಳು. ಕಡ್ಡಿಯ ಮೇಲೆ ಇಕ್ಕಳದ ಅದೇ ಗೀರು. ಆ ಕಡ್ಡಿಯನ್ನೂ ಸವೆದ ರಿಂಗನ್ನೂ ಬಿಸಾಕಿ ಹೊಸವನ್ನು ತೆಗೆದು, ಕಡ್ಡಿಯ ತಿರುಪಿನ ಹಲ್ಲು ರಿಂಗನ್ನು ಸೀಳದಂತೆ ತುದಿಗೆ ಎಣ್ಣೆ ಸವರಿ ಮೆಲ್ಲಗೆ ತೂರಿಸಿದಳು. ಕೊಳವೆಗೆ ಹೊಸ ಎಣ್ಣೆ ತುಂಬಿ ಕಡ್ಡಿಯನ್ನು ನಿಧಾನ ಮೇಲೆ ಕೆಳಗೆ ಆಡಿಸಿದಾಗ ಗುಳ್ಳೆಗಳು ಏಳತೊಡಗಿದವು. ಇಲ್ಲಿ ಮಾತ್ರ ಅವಸರ ನಡೆಯುವುದಿಲ್ಲ. ಗುಳ್ಳೆ ತಾನಾಗಿ ಮೇಲೆ ಬರಬೇಕು, ಒಂದು ಒಳಗುಳಿದರೂ ಕೆಲಸ ಕೆಟ್ಟಿತು.

“ಫೈನಲ್‌ಗೆ ಕರೀತಿದಾರೆ!” ಶೋಜಿ ಏದುಸಿರು ಬಿಡುತ್ತ ಬಂದ.

“ಕರೀಲಿ ಬಿಡ್ರೀ.” ಕೊನೆಯ ಗುಳ್ಳೆ ಒಡೆಯಿತು. ಮುಚ್ಚಳ ತಿರುಗಿಸಿ, ಸ್ಪ್ರಿಂಗ್ ಹಾಕಿ, ಕಾರನ್ನು ಅವನ ಕೈಗಿಟ್ಟಳು. ಈಗ ಸೋತರೆ ಇಷ್ಟು ಜನರ ಮುಂದೆ ಮತ್ತೆ ಅದೇ ಮಾತು ಬರುತ್ತದೆ ಎಂಬುದೊಂದೇ ಅವಳ ಭಯ.

ಕಾರು ನೆಲಕ್ಕೆ ಅಂಟಿದಂತೆ ಓಡಿತು. ಇಕೆಗಾಯಾ ಮೊದಲು, ಅವನ ಬೆನ್ನಿಗೇ ಶೋಜಿ. ಕೊನೆಯ ಸುತ್ತಿನಲ್ಲಿ ಶೋಜಿ ತಿರುವನ್ನು ತೀರಾ ಒಳಗಿನಿಂದ ಕತ್ತರಿಸಲು ಹೋಗಿ ಅಂಚಿಗೆ ಗುದ್ದಿಸಿದ. ಕಾರು ಮಗುಚಿತು. ಯಾರೋ ಓಡಿ ಬಂದು ಎತ್ತಿಡುವಷ್ಟರಲ್ಲಿ ಒಬ್ಬ ದಾಟಿ ಹೋಗಿದ್ದ. ಮೂರನೆಯ ಸ್ಥಾನ.

ಶೋಜಿ ಕಾರು ಹಿಡಿದು ಮೇಜಿಗೆ ಬಂದಾಗ ಇಕೆಗಾಯಾ ಸುಮ್ಮನಿರಲಾರದೆ ಕೆಣಕಿದ: “ಏನ್ ಕುರೆಬಯಾಶಿ-ಸಾನ್, ಹೆಂಡ್ತಿ ಕೈ ತಾಗಿ ಶಾಕ್ ಕೈಕೊಡ್ತಾ?”

ನಾಲ್ಕಾರು ಜನ ನಗಲು ತಯಾರಾಗಿದ್ದರು. ಕಿನುಯೊ ತಲೆ ಎತ್ತಲಿಲ್ಲ.

“ಶಾಕ್‌ಗೇನಾಗಿದೆ?” ಶೋಜಿ ಕಾರನ್ನು ಮೇಜಿನ ಮೇಲಿಟ್ಟ. ಅವನ ದನಿ ಎಲ್ಲರಿಗೂ ಕೇಳುವಷ್ಟು ದೊಡ್ಡದಿತ್ತು. “ನನ್ ಗಾಡಿ ಜನ್ಮದಲ್ಲಿ ಇಷ್ಟು ಚೆನ್ನಾಗಿ ಓಡಿರ್ಲಿಲ್ಲ ಕಣಯ್ಯ. ಅಂಚಿಗೆ ಗುದ್ಸಿದ್ದು ನಾನು.” ಹೊಸ ಕಡ್ಡಿಯನ್ನು ಬೆರಳಲ್ಲಿ ಮುಟ್ಟಿ, “ಅವತ್ತು ಸೋತಿದ್ದೂ ನನ್ನಿಂದ್ಲೇ” ಎಂದ.

ಈ ಒಂದು ಮಾತು ಬಂದರೆ ಹೀಗೆ ಚುಚ್ಚಬೇಕು, ಹಾಗೆ ಚುಚ್ಚಬೇಕು ಎಂದು ಕಿನುಯೊ ವರ್ಷಗಟ್ಟಲೆ ಉತ್ತರ ಮಸೆದಿಟ್ಟುಕೊಂಡಿದ್ದಳು. ಈಗ ಒಂದೂ ನೆನಪಿಗೆ ಬರಲಿಲ್ಲ. ಎಣ್ಣೆಗೈಯನ್ನು ಬಟ್ಟೆಗೆ ಒರೆಸಿಕೊಂಡು ಬುತ್ತಿಯಿಂದ ಒಂದು ಅನ್ನದುಂಡೆ ತೆಗೆದು ಅವನ ಕಡೆ ಸರಿಸಿದಳು.

“ಬೆಳಗ್ಗಿಂದ ಏನೂ ತಿಂದಿಲ್ಲ ನೀವು” ಎಂದಳು.