ದ್ವೀಪದ ಊರಿನಲ್ಲಿ ಬರಿಗಾಲು

ಅಮೆರಿಕದ ಈ ನಮ್ಮ ಸನ್ನಿವೇಲ್ ಅಪಾರ್ಟ್‌ಮೆಂಟಿನವರು ಹೋದ ತಿಂಗಳು ಮುಂದಿನ ಹುಲ್ಲನ್ನೆಲ್ಲ ಕಿತ್ತು ಗುಂಡುಕಲ್ಲು ಸುರಿದಿದ್ದಾರೆ. ನೀರು ಉಳಿಸಲಿಕ್ಕಂತೆ. ಉಳಿಸಲಿ. ನಿನ್ನೆ ಕಸ ಹಾಕಿ ಬರುವಾಗ ಯಾವುದೋ ಮಗುವಿನ ಸೈಕಲ್ಲಿಗೆ ದಾರಿ ಬಿಡಲು ಹೋಗಿ, ತೆಳ್ಳನೆ ಮನೆಚಪ್ಪಲಿಯಲ್ಲೇ ಆ ಕಲ್ಲಿನ ಮೇಲೆ ಕಾಲಿಟ್ಟೆ. ಅಂಗಾಲಿಗೆ ಒತ್ತಿದ್ದೇ ತಡ, ಎರಡು ವರ್ಷದ ಹಿಂದೆ ನೋಡಿದ ಆ ದರಿದ್ರ ಊರು ಪೂರ್ತಿ ನೆನಪಾಯಿತು.

ಗ್ರೀಸ್ ದೇಶಕ್ಕೆ ಸೇರಿದ ರೋಡ್ಸ್ ಎಂಬ ದ್ವೀಪ. ಅಲ್ಲೊಂದು ಹಳೇ ಊರು, ಸುತ್ತ ಕೋಟೆ. ಫೋಟೋ ನೋಡಿದವರೆಲ್ಲ “ಪುಣ್ಯ ಮಾಡಿದ್ರಿ ಬಿಡಿ” ಎನ್ನುತ್ತಾರೆ. ಅವರ ಅಂಗಾಲು ಅಲ್ಲಿಗೆ ಹೋಗಿಲ್ಲ, ಅದಕ್ಕೆ.

ನಾನು ಹೊರಟಿದ್ದು ಊರು ನೋಡುವ ಆಸೆಗಲ್ಲ. ಆ ವರ್ಷ ದೇವಸ್ಥಾನಕ್ಕೆ ನಡೆದು ಹೋಗುವಾಗ ಫುಟ್‌ಪಾತಿನಲ್ಲಿ ಮುಗ್ಗರಿಸಿ ಬಿದ್ದಿದ್ದೆ. ಮೊಣಕೈ ತರಚಿತು, ಅಷ್ಟೇ. ನನ್ನ ಮಗಳು ಭಾಗ್ಯ ಅದನ್ನೇ ದೊಡ್ಡದು ಮಾಡಿ, ಇನ್ನು ಒಬ್ಬಳೇ ಹೊರಗೆ ಕಾಲಿಡಕೂಡದು ಎಂದುಬಿಟ್ಟಳು. ಬೆಳಿಗ್ಗೆ ಅವಳು ಆಫೀಸಿಗೆ, ಮೊಮ್ಮಗಳು ಸ್ಕೂಲಿಗೆ. ನಾನು ಸಂಜೆಯವರೆಗೆ ಫ್ರಿಜ್ಜಿನ ಸದ್ದು ಕೇಳಿಕೊಂಡು ಕೂತಿರಬೇಕು. ದೇವಸ್ಥಾನದಲ್ಲಿ ನನಗೆ ದೇವರಿಗಿಂತ ಹೆಚ್ಚಾಗಿ ಬೇಕಾಗಿದ್ದವರು ಹೂ ಕಟ್ಟಲು ಕೂರುವ ನಾಲ್ಕು ಹೆಂಗಸರು. ಹೇಳಲು ನಾಚಿಕೆಯೇನು? ಜಗಳ ಆಡಿ ಆಡಿ ಕೊನೆಗೆ ಭಾಗ್ಯ, “ಗ್ರೀಸ್ ಟ್ರಿಪ್ಪಲ್ಲಿ ಏನೂ ಪ್ರಾಬ್ಲಮ್ ಮಾಡ್ಕೊಳ್ದೆ ನಡೆದು ತೋರ್ಸು, ಆಮೇಲೆ ನೋಡೋಣ” ಎಂದಳು. ಹೆತ್ತವಳಿಗೇ ಪರೀಕ್ಷೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ತಪ್ಪಿಸಿಕೊಂಡಿದ್ದು ಎಪ್ಪತ್ತೊಂದನೇ ವಯಸ್ಸಿಗೆ ವಕ್ಕರಿಸಿತು.

ಊರಿನ ವಿಷಯ ಹೇಳಿಬಿಡುತ್ತೇನೆ, ನೀವು ಹೋಗುವುದಾದರೆ ಉಪಯೋಗಕ್ಕೆ ಬರುತ್ತದೆ. ಬೀದಿ ತುಂಬ ಸಮುದ್ರದ ಗುಂಡುಕಲ್ಲು. ಮಲಗಿಸಿ ಹಾಸಿದ್ದರೆ ಇವರ ಗಂಟೇನು ಹೋಗುತ್ತಿತ್ತೋ, ಒಂದೊಂದನ್ನೂ ಅಂಚು ಮೇಲೆ ಮಾಡಿ ನಿಲ್ಲಿಸಿದ್ದಾರೆ. ಹತ್ತು ಅಂಗಡಿ ಇದ್ದರೆ ಹತ್ತರಲ್ಲೂ ಅದೇ ಸೋಪು, ಅದೇ ಆಲಿವ್ ಎಣ್ಣೆ. ಮೆಟ್ಟಿಲಿಗೊಂದು ಬೆಕ್ಕು. ಊಟ ಅಂತ ಸೌತೆಕಾಯಿ, ಟೊಮೆಟೊ ಹೆಚ್ಚಿ, ಮೇಲೆ ಸುಣ್ಣದ ಹೆಂಟೆಯಂಥ ಚೀಸು ಇಟ್ಟು ಕೊಟ್ಟರು. ಬಿಸಿಲಂತೂ ನಮ್ಮ ಮಂಡ್ಯದ್ದೇ. ಗೈಡು ಹುಡುಗಿ ಕೊಡೆ ಎತ್ತಿ ಹಿಡಿದುಕೊಂಡು, ಸರದಾರರು ಇಲ್ಲಿದ್ದರು, ಅಲ್ಲಿ ಉಂಡರು ಎಂದು ನಿಲ್ಲಿಸದೆ ಹೇಳುತ್ತಿದ್ದಳು. ಭಾಗ್ಯ ಅದನ್ನೆಲ್ಲ ನನಗೆ ಕನ್ನಡದಲ್ಲಿ ಒಪ್ಪಿಸುತ್ತಿದ್ದಳು.

“ಎಷ್ಟು ಹಳೇದು ಗೊತ್ತಾ ಅವ್ವ ಇದು?”

“ನೋಡುದ್ರೆ ಗೊತ್ತಾಗಲ್ವಾ? ಶ್ರೀರಂಗಪಟ್ಣದಲ್ಲಿ ಕೋಟೆ ಇಲ್ವಾ? ಬಸ್ಸಲ್ಲಿ ಹೋಗಿ ನೋಡ್ಕಂಡು ಮಧ್ಯಾನದ ಊಟುಕ್ಕೆ ಮನೇಗೆ ಬತ್ತಿದ್ವು.”

“ಅಲ್ಲಿಗೆ ಕರ್ಕೊಂಡೋದಾಗ್ಲೂ ಹಿಂಗೇ ಬೈದಿದ್ದೆ ನೀನು.”

ಬೈದಿದ್ದೆ, ಸುಳ್ಳಲ್ಲ.

ಒಂದು ಸಂದಿಯಲ್ಲಿ ಚಿಕ್ಕ ಚರ್ಚು ಸಿಕ್ಕಿತು. ಭಾಗ್ಯ, ಮೊಮ್ಮಗಳು ಎದುರಿಗೇ ಐಸ್‌ಕ್ರೀಮಿಗೆ ನಿಂತರು, ನಾನು ಒಳಗೆ ಹೋದೆ. ಹೋಗುವ ಮುಂಚೆ ಹೊಸ್ತಿಲಾಚೆ ಶೂ ಬಿಚ್ಚಿ ಗೋಡೆ ಪಕ್ಕ ಜೋಡಿಸಿಟ್ಟೆ. ಜಾರಬಾರದೆಂದು ಭಾಗ್ಯ ಈ ಟ್ರಿಪ್ಪಿಗೇ ತೆಗೆಸಿಕೊಟ್ಟ ಶೂ. ಒಳಗಿದ್ದವರೆಲ್ಲ ಹಾಕಿಕೊಂಡೇ ನಿಂತಿದ್ದರು. ಪಾಪ, ಹೇಳಿಕೊಡುವವರಿಲ್ಲ ಎಂದುಕೊಂಡೆ. ಯಾವ ದೇವರಾದರೇನು, ಎದುರಿಗೆ ಕೆರ ಮೆಟ್ಟಿ ನಿಲ್ಲಲು ನನ್ನಿಂದಾಗದು. ಮಗು ಎತ್ತಿಕೊಂಡ ತಾಯಿಯ ಪಟ ಇತ್ತು. ಮರಳಿನ ತಟ್ಟೆಯಲ್ಲಿ ಒಂದು ಮೇಣದಬತ್ತಿ ಊರಿ, “ನನ್ನ ಪಾಡಿಗೆ ನಾನು ಓಡಾಡೋ ಹಂಗೆ ಮಾಡವ್ವ” ಎಂದು ಕೈಮುಗಿದು ಹೊರಗೆ ಬಂದರೆ ಶೂ ಇಲ್ಲ.

ಗುಡಿ ಮುಂದೆ ಚಪ್ಪಲಿ ಹೋದರೆ ಶನಿ ಬಿಟ್ಟ ಎಂದು ನಮ್ಮ ಕಡೆ ಸಮಾಧಾನ ಮಾಡಿಕೊಳ್ಳುತ್ತಾರೆ. ನನಗೆ ಅಲ್ಲೇ ಹತ್ತಿಕೊಂಡ. ಭಾಗ್ಯನಿಗೆ ಗೊತ್ತಾದರೆ ಪರೀಕ್ಷೆ ಫೇಲು, ಫ್ರಿಜ್ಜಿನ ಸದ್ದೇ ಗತಿ. ಸೀರೆಯನ್ನು ನೆಲ ಗುಡಿಸುವಷ್ಟು ಇಳಿಸಿಕೊಂಡು ಏನೂ ಆಗದವಳಂತೆ ಹೊರಟೆ. ಕಬ್ಬಿನ ಕೂಳೆ ತುಳಿದ ಕಾಲು ನನ್ನದು. ಆದರೆ ಅದು ಐವತ್ತು ವರ್ಷದ ಹಿಂದಿನ ಮಾತು ಎಂದು ಕಾಲಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಕಾದ ಕಲ್ಲು, ಒಂದೊಂದು ಹೆಜ್ಜೆಗೂ ಕಣ್ಣಲ್ಲಿ ನೀರು. ಆದರೂ ಬೆರಳಿಂದ ಕಲ್ಲು ಕಚ್ಚಿ ಹಿಡಿದು ನಡೆದೆ.

ಇಳಿಜಾರಿನಲ್ಲಿ ಫೋನು ನೋಡುತ್ತ ಬರುತ್ತಿದ್ದ ಭಾಗ್ಯ ಸರ್ರನೆ ಜಾರಿ ಕುಕ್ಕರಿಸಿಬಿಟ್ಟಳು. ಅವಳನ್ನು ಎತ್ತಲು ನಾನು ಸೀರೆ ಎತ್ತಿಕೊಂಡೆ.

“ಮಾಮ್! ಅಜ್ಜಿ ಈಸ್ ಬೇರ್‌ಫುಟ್!” ಎಂದು ಕೂಗಿಕೊಂಡಳು ಮೊಮ್ಮಗಳು.

ಭಾಗ್ಯ ನೆಲದಲ್ಲಿ ಕೂತೇ ಶುರು ಮಾಡಿದಳು. “ಅವ್ವ, ಶೂ ಎಲ್ಲಿ?”

“ಚರ್ಚ್ ಮುಂದೆ ಬಿಟ್ಟಿದ್ದೆ. ಹೋದೊ.”

“ಚರ್ಚ್ ಮುಂದೆ ಯಾರಾದ್ರೂ ಶೂ ಬಿಡ್ತಾರಾ?”

“ದೇವ್ರ ಮುಂದೆ ಯಾರಾದ್ರೂ ಹಾಕ್ಕಂಡ್ ನಿಂತ್ಕತ್ತಾರಾ?”

“ಇಂಥವಳನ್ನ ಒಬ್ಬಳೇ ರೋಡಿಗೆ ಬಿಡ್ಬೇಕಾ ನಾನು? ನೀನೇ ಹೇಳು!”

“ಹೇಳ್ತೀನಿ. ಬರಿಗಾಲಲ್ಲಿ ನಿಂತಿರೋಳು ನಾನು. ಶೂ ಹಾಕ್ಕಂಡು ಬಿದ್ದಿರೋಳು ನೀನು. ಮೊದ್ಲು ಎದ್ದೇಳು.”

ಸುತ್ತ ನಿಂತ ಬಿಳಿಯರಿಗೆ ನಮ್ಮ ಜಗಳ ಎಷ್ಟು ತಿಳಿಯಿತೋ, ಒಬ್ಬ ಮುದುಕಿ ಮಾತ್ರ ನನ್ನ ಕಡೆ ನೋಡಿ ತಲೆಯಾಡಿಸಿದಳು. ಭಾಗ್ಯ ನನ್ನ ಕೈ ಹಿಡಿದು ಎದ್ದಳು, ಕೋಟೆ ಬಾಗಿಲವರೆಗೆ ನನ್ನ ಮುಂದೆ ಮುಂದೆ ನಡೆದಳು. ಅಲ್ಲಿ ಒಂದು ಜೊತೆ ರಬ್ಬರ್ ಚಪ್ಪಲಿ ತಂದು ನನ್ನ ಕಾಲ ಮುಂದೆ ಧೊಪ್ಪೆಂದು ಹಾಕಿದಳು. ಅಳತೆ ದೊಡ್ಡದು. ಸರಿಯಾಗಿದೆ ಎಂದೆ.

ವಾಪಸು ಬಂದ ಮೇಲೆ ಅವಳು ಹೋಗು ಎನ್ನಲಿಲ್ಲ. ಒಂದು ಬೆಳಿಗ್ಗೆ ಮನೆಯ ಬೀಗದಕೈ ತಂದು ನನ್ನ ಕಾಫಿ ಲೋಟದ ಪಕ್ಕ ಇಟ್ಟಳು. ಅಂದಿನಿಂದ ವಾರಕ್ಕೆರಡು ದಿನ ದೇವಸ್ಥಾನಕ್ಕೆ ನಡೆದೇ ಹೋಗುತ್ತೇನೆ. ಒಬ್ಬಳೇ ಎಂದುಕೊಂಡಿರಾ? ಸ್ವಲ್ಪ ಹಿಂದೆ ಆಫೀಸಿಗೆ ಹೊರಟ ಅವಳ ಕಾರು ಇರುತ್ತದೆ, ಎತ್ತಿನಗಾಡಿಯ ಹಾಗೆ ತೆವಳಿಕೊಂಡು. ಹಿಂದಿನವರು ಹಾರ್ನ್ ಹೊಡೆದು ಹೊಡೆದು ಬೈದು ಮುಂದೆ ಹೋಗುತ್ತಾರೆ. ನನಗೆ ಮೈಯೆಲ್ಲ ಉರಿದು, ಬೇಕೆಂದೇ ಪಾರ್ಕಿನೊಳಗೆ ನುಗ್ಗಿ ಅವಳನ್ನು ತಪ್ಪಿಸಿಬಿಡುತ್ತಿದ್ದೆ.

ನಿನ್ನೆ ಆ ಕಲ್ಲು ತುಳಿದು ಬಂದವಳು ಇವತ್ತು ನುಗ್ಗಲಿಲ್ಲ. ರಸ್ತೆ ಬದಿಯಲ್ಲೇ ಹೋದೆ. ಸಿಗ್ನಲ್ಲಿನಲ್ಲಿ ನನಗೆ ದಾಟಲು ದೀಪ ಬಿದ್ದಿತ್ತು, ಅವಳಿನ್ನೂ ನಾಲ್ಕು ಕಾರಿನ ಹಿಂದೆ ಸಿಕ್ಕಿಕೊಂಡಿದ್ದಳು. ಸೆರಗು ಸರಿಮಾಡಿಕೊಳ್ಳುವವಳ ಹಾಗೆ, ದಾಟದೆ ಆ ಒಂದು ಸರದಿ ಬಿಟ್ಟು ನಿಂತೆ. ತಿರುಗಿ ಮಾತ್ರ ನೋಡಲಿಲ್ಲ. ನೋಡಿದರೆ ನಿಲ್ಲಿಸಿ ಹತ್ತಿಸಿಕೊಂಡುಬಿಡುತ್ತಾಳೆ.