ಹುಳುಮನೆಯಲ್ಲಿ ಕುಣಿದದ್ದಕ್ಕೆ

ನಾನು ಕುಣಿದದ್ದಕ್ಕೆ ರೇಷ್ಮೆಹುಳುಗಳು ಸತ್ತವಂತೆ! ಎಂಬತ್ತರ ದಶಕದ ಶುರುವಿನಲ್ಲಿ, ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಸುಗಟೂರಿನ ನಮ್ಮ ಮನೆಯವರು ನನ್ನ ಮೇಲೆ ಹೊರಿಸಿದ ಅಪವಾದ ಇದು. ಈಗ ನೆನೆದರೂ ಮೈ ಉರಿಯುತ್ತದೆ.

ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುವ ಕೆಲಸ ನನ್ನದು. ನಾನು ಒಬ್ಬಳೇ ಇರಬಹುದಾಗಿದ್ದ ಜಾಗ ಆ ಹುಳುಮನೆ ಒಂದೇ. ಕೋಲಾರದ ಟಾಕೀಸಿನಲ್ಲಿ ಒಂದು ಹಿಂದಿ ಸಿನಿಮಾ ನೋಡಿ ಬಂದಿದ್ದೆ. ಮಾತು ಒಂದಕ್ಷರ ತಿಳಿದಿರಲಿಲ್ಲ. ಆದರೆ ಅದರಲ್ಲಿ ಒಬ್ಬ ಹೆಂಗಸು ಅಷ್ಟು ಗಂಡಸರ ನಡುವೆ ಸೊಂಟಕ್ಕೆ ಕೈಯಿಟ್ಟು, ತಲೆ ಎತ್ತಿ ಕುಣಿದಳಲ್ಲ, ಅದು ಚೆನ್ನಾಗಿ ತಿಳಿಯಿತು. ನಮ್ಮಲ್ಲಿ ಹುಡುಗಿಯರು ನಡೆಯುವಾಗಲೂ ನೆಲ ನೋಡಬೇಕಿತ್ತು. ನಾನು ಬಾಗಿಲು ಮುಂದೆ ಮಾಡಿ, ಹುಳು ಸಾಕುವ ತಟ್ಟೆಗಳ ನಡುವೆ ಅವಳ ಹಾಗೇ ಕುಣಿದೆ. ನಮ್ಮ ಜೊತೆಯಲ್ಲೇ ಇದ್ದ ಅಪ್ಪನ ಅಕ್ಕ, ನಮ್ಮತ್ತೆ, ಕಿಟಕಿಯಿಂದ ನೋಡಿಬಿಟ್ಟಳು.

ವಾರದೊಳಗೆ ಹುಳುಗಳಿಗೆ ಸುಣ್ಣಕಟ್ಟು ರೋಗ ಬಂತು. ಬೆಳ್ಳಗೆ ಗಟ್ಟಿಯಾಗಿ, ತಟ್ಟೆ ತಟ್ಟೆಯೇ ಸತ್ತವು. ಜಡಿಮಳೆ ಹಿಡಿದು ಗೋಡೆಯೆಲ್ಲ ಒದ್ದೆಯಾಗಿತ್ತು. ಆ ರೋಗ ಬರುವುದೇ ಇಂಥ ತೇವಕ್ಕೆ, ಆದರೆ ಅದರ ಮಾತನ್ನು ಯಾರೂ ಎತ್ತಲಿಲ್ಲ.

“ಲಕ್ಷ್ಮಿ ಇರೋ ಮನೆ ಕಣೇ ಅದು! ಅಲ್ಲಿ ಸಿನಿಮಾ ಕುಣಿತ ಕುಣಿದ್ಯಲ್ಲೇ, ಮನೆಹಾಳಿ!” ಎಂದು ಅತ್ತೆ ಕೂಗಾಡಿದಳು. ಅಪ್ಪನ ಕಡೆ ತಿರುಗಿ, “ಸ್ಕೂಲಿಗೆ ಹೋಗಿ ಹೋಗಿ ಹಿಂಗಾಗವ್ಳೆ. ಬಿಡಿಸಿಬಿಡು,” ಎಂದಳು. ಅಪ್ಪ ಬಿಡಿಸಿಯೇಬಿಟ್ಟ.

ಅದೇ ತಿಂಗಳು ನಂಗಲಿಯಲ್ಲಿ ನೆಂಟರ ಮದುವೆ. ಬ್ಯಾಂಡ್‌ಸೆಟ್ಟಿನವರು ಅದೇ ಸಿನಿಮಾದ ಹಾಡು ಬಾರಿಸಿದರು. ನಮ್ಮಣ್ಣ ಅಂಗಿ ಬಿಚ್ಚಿ ನಡುರಸ್ತೆಯಲ್ಲಿ ಕುಣಿದ. ಅತ್ತೆ ಅವನಿಗೆ ದೃಷ್ಟಿ ತೆಗೆದಳು! ಅವನು ಕುಣಿದದ್ದಕ್ಕೆ ಒಂದು ಸೊಳ್ಳೆಯೂ ಸಾಯಲಿಲ್ಲ ನೋಡಿ.

ಮುಂದಿನ ಬೆಳೆಗೆ ಹೊಸ ಹುಳು ತಂದಾಗ ನನ್ನನ್ನು ಹುಳುಮನೆಯ ಹೊಸಿಲು ದಾಟಗೊಡಲಿಲ್ಲ. ಆ ಬೆಳೆಯೂ ಸುಣ್ಣಕಟ್ಟಿ ಹೋಯಿತು. ಈಗಲಾದರೂ ಬಾಯಿ ಮುಚ್ಚುತ್ತಾರೆ ಎಂದುಕೊಂಡೆ. ಎಲ್ಲಿಯ ಮಾತು! “ಮನಸಲ್ಲೇ ಕುಣಿದಿರ್ತಾಳೆ ಬಿಡು,” ಎಂದಳು ಅತ್ತೆ.

ನನಗೆ ರೇಗಿಹೋಯಿತು. “ಹೂಂ, ಕುಣಿದೆ! ಸೋಮವಾರದಿಂದ ನನ್ನ ಸ್ಕೂಲಿಗೆ ಕಳಿಸ್ದೆ ಇದ್ರೆ ಮೂರನೇ ಬೆಳೆಗೂ ಕುಣೀತೀನಿ. ಅಂಗಳದಲ್ಲೇ ಕುಣೀತೀನಿ. ಯಾರು ಹಿಡೀತೀರೋ ಹಿಡೀರಿ,” ಎಂದೆ.

ಅತ್ತೆ ಬಾಯಿಗೆ ಸೆರಗು ಹಿಡಿದಳು. ಸೋಮವಾರ ಅಪ್ಪ ತಾನೇ ನನ್ನನ್ನು ಕೋಲಾರದ ಬಸ್ಸು ಹತ್ತಿಸಿಕೊಂಡು ಹೋಗಿ, ಹೆಡ್‌ಮೇಷ್ಟ್ರಿಗೆ ಕೈಮುಗಿದು, ಹೆಸರು ತಿರುಗಿ ಬರೆಸಿದ.

ಮುಂದೆ ಓದಿದೆ, ಟೀಚರೂ ಆದೆ. ಆದರೆ ಅವತ್ತು ಅಪ್ಪ ನನ್ನನ್ನು ಸ್ಕೂಲಿಗೆ ಕಳಿಸಿದ್ದು ಹುಳುಗಳು ಬದುಕಲಿ ಎಂದು. ಅದನ್ನು ನಾನು ಇನ್ನೂ ಕ್ಷಮಿಸಿಲ್ಲ.